ಮೊದಲ ಉಪಗ್ರಹ ಕೈಕೊಟ್ಟಾಗ: ಕರ್ಬಲ್ ಸ್ಪೇಸ್ ಪ್ರೋಗ್ರಾಂ ದೋಷ ನಿವಾರಣೆ ಕೈಪಿಡಿ

ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂನಲ್ಲಿ ಮೊದಲ ಉಪಗ್ರಹ ಹಾರಿಸಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ರಾಕೆಟ್ ಏಳಲೇ ಇಲ್ಲ. ಎದ್ದು ಪಲ್ಟಿ ಹೊಡೆಯಿತು. ಎತ್ತರಕ್ಕೆ ಹೋಗಿ ವಾಪಸ್ ಬಿತ್ತು. ಕಕ್ಷೆ ಸೇರಿದ ಮೇಲೆ ಮಾತೇ ಕೇಳುತ್ತಿಲ್ಲ. ಇವಕ್ಕೆಲ್ಲ ಹೊಸಬರು ಹುಡುಕಿಕೊಳ್ಳುವ ಮದ್ದೂ ಒಂದೇ: ಇನ್ನೊಂದು ಇಂಧನ ಟ್ಯಾಂಕ್ ಸೇರಿಸುವುದು. ಅದರಿಂದ ದೋಷ ಹೋಗುವುದು ಅಪರೂಪ, ಹೆಚ್ಚಿನ ಸಲ ಹೊಸದೊಂದು ದೋಷ ಜೊತೆಗೂಡುತ್ತದೆ.

ಈ ಕೈಪಿಡಿ ಒಂದೇ ನಂಬಿಕೆಯ ಮೇಲೆ ನಿಂತಿದೆ: ದೋಷ ಎಲ್ಲಿ ಕಾಣಿಸಿತೋ ಅಲ್ಲಿ ಹುಟ್ಟಿರುವುದಿಲ್ಲ, ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಹುಟ್ಟಿರುತ್ತದೆ. ಆಟಕ್ಕೆ ಮಾತ್ರ ಸಲ್ಲುವ ಮಾತಲ್ಲ ಇದು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಭಾರತದ ಮೊದಲ ಎಸ್‌ಎಲ್‌ವಿ-3 ರಾಕೆಟ್ ಎರಡನೇ ಹಂತದಲ್ಲಿ ನಿಯಂತ್ರಣ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. ಆ ಹಂತವನ್ನು ತಿರುಗಿಸಲು ಬೇಕಿದ್ದ ನೈಟ್ರಿಕ್ ಆಮ್ಲ, ಕವಾಟವೊಂದು ಮುಚ್ಚಿಕೊಳ್ಳದೆ, ರಾಕೆಟ್ ಇನ್ನೂ ನೆಲದ ಮೇಲಿದ್ದಾಗಲೇ ಸೋರಿಹೋಗಿತ್ತು. ಆಕಾಶದಲ್ಲಿ ಕಂಡ ದೋಷ ಹುಟ್ಟಿದ್ದು ಉಡಾವಣಾ ಕಟ್ಟೆಯ ಮೇಲೆ. ಅದನ್ನು ಸರಿಪಡಿಸಿದ ಮೇಲೆ 1980ರ ಜುಲೈ 18ರಂದು ಎಸ್‌ಎಲ್‌ವಿ-3 ರಾಕೆಟ್ಟೇ 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ನೀವು ಅನುಸರಿಸುತ್ತಿರುವ ಪಾಠ ಆಟದ ಯಾವ ಆವೃತ್ತಿಯದು ಎಂದು ನೋಡಿ. ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆ 2011ರಲ್ಲಿ ಮೊದಲು ಹೊರತಂದ ಈ ಆಟದಲ್ಲಿ ಗಾಳಿಯ ವರ್ತನೆ 2015ರ 1.0 ಆವೃತ್ತಿಯಲ್ಲಿ ಬದಲಾಯಿತು, ರೇಡಿಯೋ ಸಂಪರ್ಕದ ನಿಯಮಗಳು 2016ರ 1.2ರಲ್ಲಿ ಬಂದವು. "10 ಕಿಮೀವರೆಗೆ ನೆಟ್ಟಗೆ ಹೋಗಿ, ಆಮೇಲೆ ಒಮ್ಮೆಲೇ 45 ಡಿಗ್ರಿ ಬಾಗಿ" ಎನ್ನುವ ಪಾಠ 1.0ಕ್ಕಿಂತ ಹಳೆಯದು. ಈಗ ಹಾಗೆ ಮಾಡಿದರೆ ರಾಕೆಟ್ ಪಲ್ಟಿ ಹೊಡೆಯುವ ಸಂಭವವೇ ಹೆಚ್ಚು. ಇಲ್ಲಿರುವುದೆಲ್ಲ 1.2ರ ನಂತರದ ಮೂಲ ಆಟಕ್ಕೆ ಸಂಬಂಧಿಸಿದ್ದು.

ಕರ್ಬಿನ್ ಎಂಥ ಗ್ರಹ

ಆಟದಲ್ಲಿ ರಾಕೆಟ್ ಏಳುವ ಗ್ರಹ ಕರ್ಬಿನ್. ಅದರ ತ್ರಿಜ್ಯ 600 ಕಿಮೀ, ಅಂದರೆ ಭೂಮಿಯದರ ಹತ್ತನೇ ಒಂದು ಭಾಗಕ್ಕಿಂತಲೂ ಚೂರು ಕಡಿಮೆ. ಆದರೆ ನೆಲದ ಮೇಲಿನ ಗುರುತ್ವ ನಮ್ಮಷ್ಟೇ, 9.81 ಮೀ/ಸೆ². ವಾತಾವರಣ 70 ಕಿಮೀ ಎತ್ತರಕ್ಕೆ ಕರಾರುವಾಕ್ಕಾಗಿ ಮುಗಿಯುತ್ತದೆ. 80 ಕಿಮೀ ಎತ್ತರದ ವೃತ್ತಾಕಾರದ ಕಕ್ಷೆಗೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 2,280 ಮೀಟರ್, ಅಲ್ಲಿ ಒಂದು ಸುತ್ತಿಗೆ ಸುಮಾರು 31 ನಿಮಿಷ. ಗಾಳಿ ಮತ್ತು ಗುರುತ್ವದ ನಷ್ಟ ಸೇರಿಸಿದರೆ ನೆಲದಿಂದ ಅಲ್ಲಿಗೆ ಒಟ್ಟು ಸೆಕೆಂಡಿಗೆ 3,400 ಮೀಟರ್‌ನಷ್ಟು ಡೆಲ್ಟಾ-ವಿ (ರಾಕೆಟ್ ತನ್ನ ವೇಗವನ್ನು ಒಟ್ಟು ಎಷ್ಟು ಬದಲಿಸಿಕೊಳ್ಳಬಲ್ಲದು ಎಂಬ ಲೆಕ್ಕ) ಬೇಕು. ಇವಿಷ್ಟು ಅಂಕಿಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಅದಕ್ಕೆ ಸಾಲುವ ಒಂದು ಮಾದರಿ ರಾಕೆಟ್: ಮೇಲೆ ಉಪಗ್ರಹದ ಮಿದುಳಿನಂತಿರುವ ಮಾನವರಹಿತ ನಿಯಂತ್ರಣ ಭಾಗ ಸ್ಟೇಪುಟ್ನಿಕ್, ಅದರಡಿ ಒಂದು ಎಫ್‌ಎಲ್-ಟಿ200 ಟ್ಯಾಂಕ್, ಟೆರಿಯರ್ ಎಂಜಿನ್. ಬೇರ್ಪಡಿಸುವ ಡಿಕಪ್ಲರ್ ಆದಮೇಲೆ ಒಂದು ಎಫ್‌ಎಲ್-ಟಿ800 ಟ್ಯಾಂಕ್, ಸ್ವಿವೆಲ್ ಎಂಜಿನ್, ಬುಡದಲ್ಲಿ ರೆಕ್ಕೆಗಳು. ಒಟ್ಟು ಸುಮಾರು 8 ಟನ್. ಮೇಲಿನ ಹಂತ 1.8 ಟನ್ ತೂಗಿದರೆ ಅದೊಂದೇ ಸುಮಾರು 2,740 ಮೀಟರ್ ಕೊಡುತ್ತದೆ, ಎರಡೂ ಹಂತ ಸೇರಿ 4,500 ದಾಟುತ್ತದೆ. ನಿಮ್ಮ ರಾಕೆಟ್ ಇದಕ್ಕಿಂತ ದೊಡ್ಡದಾಗಿದ್ದೂ ಕಕ್ಷೆ ಸೇರುತ್ತಿಲ್ಲವಾದರೆ ಕೊರತೆ ಇಂಧನದ್ದಲ್ಲ. 1.6 ಆವೃತ್ತಿಯಿಂದ ಈಚೆಗೆ ಪ್ರತಿ ಹಂತದ ಡೆಲ್ಟಾ-ವಿಯನ್ನು ಆಟವೇ ತೋರಿಸುತ್ತದೆ. ಅದನ್ನು ನೋಡದೆ ಟ್ಯಾಂಕ್ ಸೇರಿಸಬೇಡಿ.

ಕಟ್ಟೆಯಿಂದ ಏಳುತ್ತಿಲ್ಲ

ಬೆಂಕಿ ಕಾಣುತ್ತಿದೆ, ರಾಕೆಟ್ ಕದಲುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಉರಿಯುತ್ತಿರುವ ಎಂಜಿನ್ ಯಾವುದು ಎಂದು. ಟೆರಿಯರ್ ನಿರ್ವಾತದಲ್ಲಿ 60 ಕಿಲೋನ್ಯೂಟನ್ ನೂಕುತ್ತದೆ, ಸಮುದ್ರಮಟ್ಟದಲ್ಲಿ 15ಕ್ಕೂ ಕಡಿಮೆ. ಅದನ್ನು ಕೆಳಹಂತಕ್ಕೆ ಹಾಕಿದ್ದರೆ ಕಾರಣ ಅಲ್ಲಿಗೇ ಸಿಕ್ಕಿತು.

ಸ್ವಿವೆಲ್ ಇದ್ದೂ ಏಳುತ್ತಿಲ್ಲವೆಂದರೆ ಭಾರ ಹೆಚ್ಚಾಗಿದೆ. ಮೊದಲ ದರ್ಜೆಯ ಉಡಾವಣಾ ಕಟ್ಟೆ 18 ಟನ್‌ವರೆಗೆ ಒಪ್ಪುತ್ತದೆ ಎಂದು ಪೂರಾ 18 ಟನ್ ತುಂಬುವವರಿದ್ದಾರೆ. ಸ್ವಿವೆಲ್ ನೆಲಮಟ್ಟದಲ್ಲಿ ಕೊಡುವುದು 168 ಕಿಲೋನ್ಯೂಟನ್, ಅಂದರೆ 17 ಟನ್ ಚಿಲ್ಲರೆ ಎತ್ತುವಷ್ಟು ಮಾತ್ರ. ಹಾಗಾಗಿ 18 ಟನ್ನಿನ ರಾಕೆಟ್ ಹದಿಮೂರು ಸೆಕೆಂಡಿನಷ್ಟು ಹೊತ್ತು ಕಟ್ಟೆಯ ಮೇಲೆ ಸುಮ್ಮನೆ ಇಂಧನ ಸುಟ್ಟು, ಹಗುರಾದ ಮೇಲೆ ನಿಧಾನವಾಗಿ ಏಳುತ್ತದೆ. ಆಮೇಲೆ ಮೇಲೆ ಹೋಗಿ "ಇಂಧನ ಸಾಲಲಿಲ್ಲ" ಎಂಬ ದೋಷವಾಗಿ ಕಾಣುತ್ತದೆ. ನೂಕುಬಲ ತೂಕದ 1.3ರಿಂದ 1.8 ಪಟ್ಟು ಇರುವಂತೆ ಕಟ್ಟಿ.

ಏನೂ ಉರಿಯದೆ ರಾಕೆಟ್ ತುಂಡಾಗಿ ಕೆಳಗೆ ಕೂತರೆ ಹಂತಗಳ ಕ್ರಮ ತಪ್ಪಿದೆ. ಪರದೆಯ ಎಡಬದಿಯ ಪಟ್ಟಿಯಲ್ಲಿ ಅತಿ ಕೆಳಗೆ ಸ್ವಿವೆಲ್ ಒಂದೇ ಇರಬೇಕು, ಅದರ ಮೇಲೆ ಡಿಕಪ್ಲರ್, ಆಮೇಲೆ ಟೆರಿಯರ್.

ಪಲ್ಟಿ ಹೊಡೆಯುತ್ತಿದೆ

ಹೆಚ್ಚಿನವರು ಇಲ್ಲಿ ದೂರುವುದು ತಮ್ಮ ಕೈಯ ಚಾಲನೆಯನ್ನು. ನೋಡಬೇಕಾದ್ದು ಜೋಡಣಾ ಕಟ್ಟಡದಲ್ಲಿ. ಅಲ್ಲಿ ತೂಕದ ಕೇಂದ್ರವನ್ನು ತೋರಿಸುವ ಹಳದಿ ಗುರುತನ್ನೂ ಗಾಳಿಬಲದ ನೀಲಿ ಗುರುತನ್ನೂ ಒಟ್ಟಿಗೆ ಹಾಕಿಕೊಳ್ಳಿ. ನೀಲಿ ಕೆಳಗೆ, ಹಳದಿ ಮೇಲೆ ಇರಬೇಕು. ಟ್ಯಾಂಕ್ ತುಂಬಿದ್ದಾಗ ಹೀಗಿದ್ದರೆ ಸಾಲದು. ಟ್ಯಾಂಕಿನ ಮೇಲೆ ಬಲ ಕ್ಲಿಕ್ ಮಾಡಿ ಇಂಧನವನ್ನು ಅರ್ಧಕ್ಕೆ, ಆಮೇಲೆ ಕಾಲುಭಾಗಕ್ಕೆ ಇಳಿಸಿ ಹಳದಿ ಗುರುತು ಎಲ್ಲಿಗೆ ಸರಿಯುತ್ತದೆ ನೋಡಿ. ಒಂದೇ ಹಂತದ ಉದ್ದ ರಾಕೆಟ್ಟುಗಳಲ್ಲಿ ಇಂಧನ ತೀರಿದಂತೆ ಭಾರವಾದ ಎಂಜಿನ್ ಮಾತ್ರ ಬುಡದಲ್ಲಿ ಉಳಿದು ಹಳದಿ ಕೆಳಗಿಳಿಯುತ್ತದೆ. ಏಳುವಾಗ ನೆಟ್ಟಗಿದ್ದದ್ದು ಅರ್ಧ ದಾರಿಯಲ್ಲಿ ತಿರುಗಿಬೀಳುವುದಕ್ಕೆ ಕಾರಣ ಇದು. ರೆಕ್ಕೆಗಳು ಬುಡದಲ್ಲಿರಲಿ, ಮೇಲಿನ ಹಂತಕ್ಕೆ ಅಂಟಿಸಿದ ರೆಕ್ಕೆ ಪಲ್ಟಿಯನ್ನು ಹೆಚ್ಚಿಸುತ್ತದೆ.

ಸ್ಟೇಪುಟ್ನಿಕ್ಕಿನದೇ ಒಂದು ತೊಂದರೆಯಿದೆ. 1957ರ ಸ್ಪುಟ್ನಿಕ್ ಹಾಗೆ ಉರುಟು ಗೋಳ, ನಾಲ್ಕು ಕಡ್ಡಿ. ಜೋಡಿಸುವ ತುದಿ ಕೆಳಗೊಂದೇ ಇರುವುದರಿಂದ ಅದರ ತಲೆಯ ಮೇಲೆ ಚೂಪು ಮೂತಿ ಕೂರಿಸಲಾಗದು. ಸ್ವಯಂ ಸಮತೋಲದ ಎಸ್‌ಎಎಸ್ ಇಲ್ಲ, ತಿರುಗಿಸುವ ಚಕ್ರವೂ ಇಲ್ಲ. ಅದನ್ನು ಹೊತ್ತ ರಾಕೆಟ್ಟನ್ನು ನೇರ ಇಡುವುದು ರೆಕ್ಕೆಗಳು ಮತ್ತು ಎಂಜಿನ್ನಿನ ಮೂತಿ ಹೊರಳುವಿಕೆ ಮಾತ್ರ. ರಿಲಯಂಟ್ ಎಂಜಿನ್ ಹೆಚ್ಚು ನೂಕುತ್ತದೆ ನಿಜ, ಆದರೆ ಅದರ ಮೂತಿ ಹೊರಳುವುದಿಲ್ಲ. ಹಾಗಾಗಿ ಮೊದಲ ಉಪಗ್ರಹಕ್ಕೆ ಸ್ವಿವೆಲ್ಲೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಟ್ಟಡದಲ್ಲಿ ಎಲ್ಲವೂ ಸರಿಯಿದ್ದೂ ಪಲ್ಟಿಯಾದರೆ ಮಾತ್ರ ಚಾಲನೆಯತ್ತ ಬನ್ನಿ. ಸೆಕೆಂಡಿಗೆ 50ರಿಂದ 100 ಮೀಟರ್ ವೇಗ ಬಂದಾಗ ಪೂರ್ವಕ್ಕೆ ಒಂದಿಷ್ಟೇ ವಾಲಿಸಿ. ಅಲ್ಲಿಂದ ಮುಂದೆ ರಾಕೆಟ್ಟಿನ ಮೂತಿ ದಿಕ್ಕು ತೋರಿಸುವ ಗೋಳವಾದ ನ್ಯಾವ್‌ಬಾಲ್‌ನಲ್ಲಿ ಕಾಣುವ ಪ್ರಯಾಣ ದಿಕ್ಕಿನ ಗುರುತಿನಿಂದ ಐದು ಡಿಗ್ರಿಗಿಂತ ಆಚೆ ಹೋಗದಂತೆ ನೋಡಿಕೊಳ್ಳಿ.

ಎತ್ತರ ತಲುಪಿ ವಾಪಸ್ ಬೀಳುತ್ತಿದೆ

ಗಾಳಿ ಇಲ್ಲವೆಂದುಕೊಂಡರೆ ನೆಟ್ಟಗೆ 80 ಕಿಮೀ ಏರಲು ಸೆಕೆಂಡಿಗೆ 1,180 ಮೀಟರ್ ವೇಗ ಸಾಕು. ಅಲ್ಲೇ ಉಳಿಯಲು ಬೇಕಾದ ಅಡ್ಡ ವೇಗ ಅದರ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ "ಎತ್ತರ ಸಾಲಲಿಲ್ಲ" ಎಂದು ಅನ್ನಿಸಿದಾಗಲೆಲ್ಲ ಕೊರತೆ ಇರುವುದು ಅಡ್ಡ ವೇಗದಲ್ಲಿ, ಮತ್ತು ಅದರ ಮೂಲ ಮೊದಲ ಹತ್ತು ಕಿಲೋಮೀಟರಿನಲ್ಲಿ ತಡವಾಗಿ ಬಾಗಿದ್ದು. ಪೂರ್ವಕ್ಕೆ ಹಾರಿಸಿದರೆ ಗ್ರಹದ ತಿರುಗುವಿಕೆಯಿಂದ ಸೆಕೆಂಡಿಗೆ 175 ಮೀಟರ್ ಪುಕ್ಕಟೆ ಸಿಗುತ್ತದೆ. ಪಶ್ಚಿಮಕ್ಕೆ ಹೋದರೆ ಅದನ್ನು ಮೊದಲು ಅಳಿಸಿ ಆಮೇಲೆ ಮತ್ತೆ ಗಳಿಸಬೇಕು, ಒಟ್ಟು 350 ಮೀಟರ್ ನಷ್ಟ.

ಸ್ಟೇಪುಟ್ನಿಕ್ ಜೊತೆ ಇನ್ನೊಂದು ಸಂಗತಿ ಎದುರಾಗುತ್ತದೆ. ಎಂಜಿನ್ ಆರಿಸಿ ಅತಿ ಎತ್ತರದ ಬಿಂದುವಿನತ್ತ ತೇಲುವಾಗ ಅದನ್ನು ತಿರುಗಿಸಲು ಏನೂ ಇರುವುದಿಲ್ಲ. ಅಲ್ಲಿ ಮತ್ತೆ ಉರಿಸಬೇಕಾದಾಗ ಮೂತಿ ಎತ್ತಲೋ ಇರುತ್ತದೆ. ಆರಿಸುವ ಮುನ್ನ ದಿಗಂತಕ್ಕೆ ಸಮನಾಗಿಸಿದರೆ ಆಯಿತು ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ಸರಿ. ರಾಕೆಟ್ಟಿನ ಮೂತಿ ಬಾಹ್ಯಾಕಾಶದಲ್ಲಿ ಒಂದೇ ದಿಕ್ಕಿಗೆ ನಿಂತಿರುತ್ತದೆ, ದಿಗಂತ ಮಾತ್ರ ನೀವು ಗ್ರಹವನ್ನು ಸುತ್ತಿದಷ್ಟೂ ವಾಲುತ್ತಾ ಹೋಗುತ್ತದೆ. ಹದಿನೈದು ಡಿಗ್ರಿ ಸುತ್ತಿದರೆ ಹದಿನೈದು ಡಿಗ್ರಿ ತಪ್ಪುತ್ತದೆ. ಆದ್ದರಿಂದ ಆರಿಸುವ ಮುನ್ನ ಅಷ್ಟು ಕೆಳಗೆ ಬಾಗಿಸಿ ಬಿಡಿ. ಚಿಕ್ಕದೊಂದು ರಿಯಾಕ್ಷನ್ ವೀಲ್ (ತಿರುಗಿಸುವ ಚಕ್ರ) ಹಾಕುವುದು, ಅಥವಾ ಎಸ್‌ಎಎಸ್ ಇರುವ ಓಕ್ಟೋ ಎಂಬ ನಿಯಂತ್ರಣ ಭಾಗ ಸಿಗುವವರೆಗೆ ಕಾಯುವುದು ಇನ್ನೂ ಒಳ್ಳೆಯದು. ಉಪಗ್ರಹ ಗಿರಗಿರನೆ ಸುತ್ತುತ್ತಿದ್ದರೆ ಒಮ್ಮೆ ಕಾಲದ ವೇಗ ಹೆಚ್ಚಿಸಿ ಇಳಿಸಿ, ಸುತ್ತು ನಿಲ್ಲುತ್ತದೆ. ನಿಜ ಜಗತ್ತಿನಲ್ಲಿ ಈ ಸೌಕರ್ಯವಿಲ್ಲ. 1958ರಲ್ಲಿ ಅಮೆರಿಕದ ಎಕ್ಸ್‌ಪ್ಲೋರರ್-1 ತನ್ನ ಬಳುಕುವ ಆಂಟೆನಾಗಳಿಂದ ಚೈತನ್ಯ ಕಳೆದುಕೊಂಡು, ಉದ್ದುದ್ದಕ್ಕೆ ಸುತ್ತಬೇಕಿದ್ದದ್ದು ಅಡ್ಡಡ್ಡಕ್ಕೆ ಸುತ್ತತೊಡಗಿತು. ಅದನ್ನು ಸರಿಪಡಿಸುವ ದಾರಿಯೇ ಇರಲಿಲ್ಲ.

ಕಕ್ಷೆಯಲ್ಲಿದೆ, ಆದರೆ ಮಾತು ಕೇಳುತ್ತಿಲ್ಲ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. "ಸಿಗ್ನಲ್ ಹೋಯಿತು" ಎಂದು ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುವುದು ನಿಜಕ್ಕೂ ಮೂರು ಬೇರೆ ಬೇರೆ ದೋಷಗಳನ್ನು. ಈ ಕ್ರಮದಲ್ಲಿ ನೋಡಿ.

ಮೊದಲು ಮೇಲೆ ಬಲಗಡೆ ಸಂಪನ್ಮೂಲ ಪಟ್ಟಿ ತೆರೆದು ವಿದ್ಯುತ್ ಎಷ್ಟಿದೆ ನೋಡಿ. ಸೊನ್ನೆಯಿದ್ದರೆ ದೋಷ ವಿದ್ಯುತ್ತಿನದು, ಆಂಟೆನಾ ಮುಟ್ಟಬೇಡಿ. ವಿದ್ಯುತ್ ಇದ್ದು ಮೇಲೆ ಎಡಗಡೆಯ ಸಂಪರ್ಕ ಗುರುತು ಕೆಂಪಾಗಿದ್ದರೆ ದೋಷ ಸಂಪರ್ಕದ್ದು. ಎರಡೂ ಚೆನ್ನಾಗಿದ್ದು ಕೀಲಿ ಒತ್ತಿದರೂ ತಿರುಗದಿದ್ದರೆ, ಹಿಂದೆ ಹೇಳಿದ ಹಾಗೆ, ತಿರುಗಿಸುವ ಸಾಧನವೇ ಇಲ್ಲ.

ವಿದ್ಯುತ್ತಿನ ದೋಷ ಹೇಗೆ ಅಡಗಿ ಕೂರುತ್ತದೆ ನೋಡಿ. ಸ್ಟೇಪುಟ್ನಿಕ್ಕಿನೊಳಗೆ ಇರುವುದು 10 ಯೂನಿಟ್. ನಿಮಿಷಕ್ಕೆ 1.67ರಂತೆ ಅದು ತಿನ್ನುವುದರಿಂದ ಆರು ನಿಮಿಷಕ್ಕೆ ಖಾಲಿ. ಆದರೆ ಸ್ವಿವೆಲ್ ಉರಿಯುವಾಗ ಅದರ ಆಲ್ಟರ್ನೇಟರ್ ವಿದ್ಯುತ್ ತುಂಬುತ್ತಲೇ ಇರುತ್ತದೆ. ಹಾಗಾಗಿ ಏರುವ ದಾರಿಯುದ್ದಕ್ಕೂ ಪಟ್ಟಿ ತುಂಬಿಯೇ ಕಾಣುತ್ತದೆ, ಎಲ್ಲವೂ ಸರಿಯಿದೆ ಎಂಬ ಭಾವನೆ ಬರುತ್ತದೆ. ಕೆಳಹಂತ ಕಳಚಿದ ಮೇಲೆ ಆರು ನಿಮಿಷದ ಲೆಕ್ಕ ಶುರು. ಆ ಹೊತ್ತಿಗೆ ಉಪಗ್ರಹ ಉಡಾವಣಾ ಕೇಂದ್ರದ ದಿಗಂತವನ್ನೂ ದಾಟುತ್ತಿರುತ್ತದೆ. 80 ಕಿಮೀ ಎತ್ತರದಲ್ಲಿರುವ ಉಪಗ್ರಹ ಒಂದು ಭೂಕೇಂದ್ರಕ್ಕೆ ಕಾಣುವುದು ನೆತ್ತಿಯ ಮೇಲೆ ಹಾದರೂ ಸುಮಾರು ಐದು ನಿಮಿಷ ಮಾತ್ರ. ಆಚೆ ಬದಿಗೆ ಹೋದಾಗ ಸಂಪರ್ಕ ಕಡಿಯುವುದು ಸಹಜ. ಅರ್ಧ ಗಂಟೆಯ ಮೇಲೆ ಸುತ್ತಿ ಬಂದಾಗಲೂ ಮೌನವಾಗಿರುವುದು ಸಹಜವಲ್ಲ; ಅಷ್ಟರಲ್ಲಿ ಅದು ವಿದ್ಯುತ್ತಿಲ್ಲದೆ ಸತ್ತಿದೆ. ಆಟಗಾರ ನೋಡಿದ್ದು ಕೆಂಪು ಸಿಗ್ನಲ್ ಗುರುತನ್ನು, ಆದ್ದರಿಂದ ಮುಂದಿನ ಸಲ ದೊಡ್ಡ ಆಂಟೆನಾ ಹಾಕುತ್ತಾನೆ. ಅದೂ ಆರು ನಿಮಿಷಕ್ಕೇ ಸಾಯುತ್ತದೆ.

ಸೌರಫಲಕ ಹಾಕಿದರೂ ಕಥೆ ಮುಗಿಯುವುದಿಲ್ಲ. 80 ಕಿಮೀ ಕಕ್ಷೆಯ ಪ್ರತಿ ಸುತ್ತಿನಲ್ಲಿ ಗ್ರಹದ ನೆರಳು ಹನ್ನೊಂದು ನಿಮಿಷದಷ್ಟು ಇರಬಹುದು. ಅಷ್ಟು ಹೊತ್ತಿಗೆ 18 ಯೂನಿಟ್ ಬೇಕು, ಒಳಗಿರುವುದು 10. ಫಲಕವಿದ್ದೂ ಪ್ರತಿ ಸುತ್ತಿನ ಕತ್ತಲಲ್ಲಿ ಸತ್ತು ಬೆಳಕಿನಲ್ಲಿ ಏಳುವ ಉಪಗ್ರಹದ ರಹಸ್ಯ ಇದು. 100 ಯೂನಿಟ್ಟಿನ ಒಂದು ಝಡ್-100 ಬ್ಯಾಟರಿ ಒಂದು ಗಂಟೆ ಹೆಚ್ಚಿಗೆ ಕೊಡುತ್ತದೆ, ತೂಕ 5 ಕಿಲೋ ಅಷ್ಟೇ. ಅದನ್ನು ಬಿಡುವುದಕ್ಕೆ ಯಾವ ಕಾರಣವೂ ಇಲ್ಲ. ಫಲಕಗಳಲ್ಲಿ ಮಡಚದ ಆಕ್ಸ್-ಸ್ಟ್ಯಾಟ್ ಆರಿಸಿ, ನಾಲ್ಕೂ ಬದಿಗೆ ಒಂದೊಂದು. ಒಂದೇ ಬದಿಗಿದ್ದರೆ ಉಪಗ್ರಹ ಬೆನ್ನು ತಿರುಗಿಸಿದಾಗ ಏನೂ ಬರುವುದಿಲ್ಲ. ಬಿಚ್ಚುವ ಬಗೆಯ ಫಲಕವಾದರೆ ಗಾಳಿಯಲ್ಲಿ ತೆರೆದರೆ ಮುರಿಯುತ್ತದೆ, ವಿದ್ಯುತ್ ತೀರುವ ಮುನ್ನ ತೆರೆಯದಿದ್ದರೆ ಆಮೇಲೆ ತೆರೆಯಲು ಆಜ್ಞೆ ಕೊಡುವವರೇ ಇರುವುದಿಲ್ಲ.

ಇದನ್ನು ಬರೆಯುವಾಗ ಆರ್ಯಭಟ ನೆನಪಾಗುತ್ತದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ, 360 ಕಿಲೋ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಕಪುಸ್ಟಿನ್ ಯಾರ್‌ನಿಂದ ಕಕ್ಷೆಗೆ ಒಯ್ದಿತು. ಕೆಲವೇ ದಿನಗಳಲ್ಲಿ ಅದರ ವೈಜ್ಞಾನಿಕ ಪ್ರಯೋಗಗಳು ನಿಂತದ್ದು ವಿದ್ಯುತ್ ಪೂರೈಕೆಯ ದೋಷದಿಂದ. ಒಂದು ದೇಶದ ಮೊದಲ ಉಪಗ್ರಹದಲ್ಲೂ ಮೊದಲು ಕೈಕೊಟ್ಟದ್ದು ವಿದ್ಯುತ್ ಎಂಬುದನ್ನು ನೆನೆದರೆ, ಪರಿಶೀಲನೆಯನ್ನು ಅಲ್ಲಿಂದ ಶುರು ಮಾಡಿ ಎಂದು ನಾನು ಒತ್ತಾಯಿಸುವುದು ಅತಿಯೆನಿಸದು.

ಇನ್ನು ನಿಜವಾದ ಸಂಪರ್ಕ ದೋಷ. ಮೊದಲ ದರ್ಜೆಯ ಟ್ರ್ಯಾಕಿಂಗ್ ಸ್ಟೇಷನ್ (ನೆಲದ ಸಂಪರ್ಕ ಕೇಂದ್ರ) ಜೊತೆ ಸ್ಟೇಪುಟ್ನಿಕ್ಕಿನ ಒಳ ಆಂಟೆನಾ 3,160 ಕಿಮೀವರೆಗೆ ಮಾತಾಡಬಲ್ಲದು, ಹೊರಗೆ ಜೋಡಿಸುವ ಕಮ್ಯುನೊಟ್ರಾನ್ 16 ಆಂಟೆನಾ ಆದರೆ 31,600 ಕಿಮೀ. ಕೆಳ ಕಕ್ಷೆಗೆ ಒಳ ಆಂಟೆನಾ ಧಾರಾಳ ಸಾಕು. 12,000 ಕಿಮೀ ದೂರದ ಮನ್ ಚಂದ್ರನಿಗೆ ಹೋಗುವಾಗ, ಅಥವಾ ವಿಜ್ಞಾನದ ಮಾಹಿತಿ ಕಳಿಸಬೇಕಾದಾಗ ದೊಡ್ಡದು ಬೇಕು. ಗ್ರಹ ನಡುವೆ ಅಡ್ಡ ಬಂದಿದ್ದರೆ ಎಷ್ಟು ದೊಡ್ಡ ಆಂಟೆನಾ ಹಾಕಿದರೂ ಪ್ರಯೋಜನವಿಲ್ಲ. ಆಟದ ಕಠಿಣತೆಯ ಆಯ್ಕೆಗಳಲ್ಲಿ ಹೆಚ್ಚುವರಿ ಭೂಕೇಂದ್ರಗಳು ಚಾಲೂ ಇವೆಯೇ, ನಿಯಂತ್ರಣಕ್ಕೆ ಸಿಗ್ನಲ್ ಕಡ್ಡಾಯವೇ ಎಂದು ನೋಡಿಕೊಳ್ಳಿ. ಕಡ್ಡಾಯವಲ್ಲದಿದ್ದರೆ ಸಿಗ್ನಲ್ ಹೋದಾಗ ಎಂಜಿನ್ ಪೂರ್ತಿ ಉರಿಯುತ್ತದೆ ಅಥವಾ ಪೂರ್ತಿ ಆರುತ್ತದೆ, ನಡುವಿನದು ಇಲ್ಲ. "ಥ್ರಾಟಲ್ ಕೆಟ್ಟಿದೆ" ಎಂದು ಕೆಲವರು ಹೇಳುವುದು ಈ ಸ್ಥಿತಿಯನ್ನೇ. ಕಮ್ಯುನೊಟ್ರಾನ್ 16 ಏರುವಾಗಲೇ ತೆರೆದುಕೊಂಡರೆ ಗಾಳಿಗೆ ಮುರಿಯುತ್ತದೆ. ಹೊರಮೈಗೆ ಅಂಟಿಕೊಂಡೇ ಇರುವ 16-ಎಸ್‌ಗೆ ಆ ಭಯವಿಲ್ಲ.

ದಿನಗಟ್ಟಲೆ ಚೆನ್ನಾಗಿದ್ದು ಒಮ್ಮೆಲೇ ಬಿತ್ತು

ಕಕ್ಷೆಯ ಅತಿ ಕೆಳಗಿನ ಬಿಂದು 70 ಕಿಮೀಗಿಂತ ಕೆಳಗಿದೆ. ಈ ಆಟದಲ್ಲಿ ನೀವು ನೋಡದಿರುವ ಉಪಗ್ರಹಕ್ಕೆ ಮೇಲ್ಮಟ್ಟದ ತೆಳು ಗಾಳಿ ತಾಗುವುದೇ ಇಲ್ಲ. 65 ಕಿಮೀಗೆ ಇಳಿದು ಏಳುವ ಉಪಗ್ರಹ ನಕ್ಷೆಯಲ್ಲಿ ವರ್ಷಗಟ್ಟಲೆ ಹಾಗೇ ಸುತ್ತುತ್ತದೆ. ನೀವು ಅದರ ಬಳಿ ಹೋಗಿ ನಿಂತ ಸುತ್ತಿನಿಂದ ವೇಗ ಕಳೆದುಕೊಳ್ಳತೊಡಗುತ್ತದೆ. 75ಕ್ಕಿಂತ ಮೇಲೆ ಎತ್ತಿಬಿಡಿ.

ಗುತ್ತಿಗೆ ಪೂರ್ಣವಾಗುತ್ತಿಲ್ಲ

ಇಂಥ ಕಕ್ಷೆಗೆ ಉಪಗ್ರಹ ಸೇರಿಸಿ ಎಂದು ಆಟ ಕೊಡುವ ಕೆಲಸವೇ ಗುತ್ತಿಗೆ. ಹೇಳಿದ ಕಕ್ಷೆಯಲ್ಲೇ ಇದ್ದರೂ ಹಸಿರು ಗುರುತು ಬರುತ್ತಿಲ್ಲವೆಂದರೆ ನಕ್ಷೆಯಲ್ಲಿ ಆ ಕಕ್ಷೆಯ ಮೇಲೆ ಹರಿಯುವ ಚುಕ್ಕೆಗಳ ದಿಕ್ಕು ನೋಡಿ. ನಿಮ್ಮದು ಎದುರು ದಿಕ್ಕಿನಲ್ಲಿ ಸುತ್ತುತ್ತಿದ್ದರೆ ಗೆರೆಗಳು ಎಷ್ಟೇ ಕೂಡಿಕೊಂಡರೂ ಲೆಕ್ಕಕ್ಕಿಲ್ಲ, ಮತ್ತು ಅದನ್ನು ಅಲ್ಲಿ ತಿರುಗಿಸುವಷ್ಟು ಇಂಧನ ಈ ರಾಕೆಟ್ಟಿನಲ್ಲಿರುವುದಿಲ್ಲ, ಹೊಸದಾಗಿ ಹಾರಿಸಬೇಕು. ದಿಕ್ಕು ಸರಿಯಿದ್ದರೆ ಉಪಗ್ರಹಕ್ಕೆ ವಿದ್ಯುತ್ ಉತ್ಪಾದಿಸುವ ಭಾಗ ಇದೆಯೇ ನೋಡಿ. ಬ್ಯಾಟರಿ ಮಾತ್ರವಿದ್ದರೆ ಒಪ್ಪುವುದಿಲ್ಲ. ಆಂಟೆನಾ ಬೇಕು, ಒಳಗೆ ಯಾರೂ ಇರಬಾರದು, ಗುತ್ತಿಗೆ ಒಪ್ಪಿಕೊಂಡ ಮೇಲೆ ಹಾರಿಸಿದ್ದಾಗಿರಬೇಕು. ಇವೆಲ್ಲ ಇದ್ದು ಎಂಜಿನ್ ಆರಿಸಿ ಹತ್ತು ಸೆಕೆಂಡು ಸುಮ್ಮನೆ ಬಿಡಬೇಕು.

ಮೂರು ಉಪಗ್ರಹ ಹಾಕಿದರೂ ಸಂಪರ್ಕ ಕಡಿಯುತ್ತಿದೆ

ಕಮ್ಯುನೊಟ್ರಾನ್ 16 ತನ್ನ ಮಾತನ್ನಷ್ಟೇ ಕಳಿಸುತ್ತದೆ, ಬೇರೆಯವರದನ್ನು ದಾಟಿಸುವುದಿಲ್ಲ. ಅದಕ್ಕೆ ಎಚ್‌ಜಿ-5ರಂಥ ರಿಲೇ ಆಂಟೆನಾ ಬೇಕು. ಸಮಭಾಜಕದ ಮೇಲೆ ಸಮ ಅಂತರದಲ್ಲಿರುವ ಮೂರು ಉಪಗ್ರಹ ಒಂದನ್ನೊಂದು ನೋಡಬೇಕಾದರೆ ಎತ್ತರ 600 ಕಿಮೀ ಮೀರಿರಬೇಕು. 1,000 ಕಿಮೀಗೆ ಇಟ್ಟರೆ ಅವುಗಳ ನಡುವಿನ ದೂರ ಸುಮಾರು 2,770 ಕಿಮೀ. ಎರಡು ಎಚ್‌ಜಿ-5ಗಳ ವ್ಯಾಪ್ತಿ 5,000 ಕಿಮೀ ಇರುವುದರಿಂದ ಆರಾಮ.

ಮೊದಮೊದಲು ಸರಿಯಿದ್ದು ಕ್ರಮೇಣ ಮೂರೂ ಒಂದೇ ಕಡೆ ಗುಂಪುಗೂಡಿದರೆ ಎತ್ತರವನ್ನಲ್ಲ, ಸುತ್ತಿನ ಅವಧಿಯನ್ನು ಹೋಲಿಸಿ. 1,000 ಕಿಮೀ ಕಕ್ಷೆಯ ಒಂದು ಸುತ್ತು 6,766 ಸೆಕೆಂಡ್. ಎರಡು ಉಪಗ್ರಹಗಳ ನಡುವೆ ಒಂದೇ ಒಂದು ಸೆಕೆಂಡಿನ ವ್ಯತ್ಯಾಸವಿದ್ದರೂ ಸಾವಿರ ಸುತ್ತಿಗೆ ಅದು 53 ಡಿಗ್ರಿ ಆಗುತ್ತದೆ, ಅದೂ 426 ದಿನದ ಒಂದು ಕರ್ಬಿನ್ ವರ್ಷ ತುಂಬುವುದರೊಳಗೆ. ಎಂಜಿನ್ ಮೇಲೆ ಬಲ ಕ್ಲಿಕ್ ಮಾಡಿ ನೂಕುಬಲದ ಮಿತಿಯನ್ನು ಒಂದೆರಡು ಶೇಕಡಕ್ಕೆ ಇಳಿಸಿ, ಸೆಕೆಂಡಿನ ಮಟ್ಟಕ್ಕೆ ಅವಧಿ ಹೊಂದುವವರೆಗೆ ತುಸು ತುಸುವೇ ಉರಿಸಿ. ಒಂದು ಉಪಗ್ರಹವನ್ನು ಆಧಾರವಾಗಿಟ್ಟುಕೊಂಡು ಉಳಿದೆರಡನ್ನು ಅದಕ್ಕೆ ಹೊಂದಿಸಿ.